ಮಕ್ಕಳನ್ನು ಸೇವೆಗೆ ಕಳುಹಿಸುವ ಮುನ್ನ

ರಮಝಾನ್ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ರೇಶನ್ ಕಿಟ್ ಕಟ್ಟಲು, ಇಫ್ತಾರ್ ಬಡಿಸಲು ಹದಿಹರೆಯದ ಮಕ್ಕಳೇ ಮುಂದೆ. ಗುಂಬಝ್‌ನ ಉರುಸ್‌ಗೆ ಬಂದವರಿಗೆ ನೀರು ಕೊಡುವವರೂ ಅವರೇ. ನೋಡಲು ಸಂತೋಷವಾಗುತ್ತದೆ. ಆದರೆ ತಾಯಂದಿರು ಕೇಳುವುದುಂಟು: "ಮೌಲಾನಾ ಸಾಬ್, ಹುಡುಗನಿಗೆ ಇನ್ನೂ ಹದಿನೈದು. ಸಂಸ್ಥೆಯವರ ಜೊತೆ ಕೆಲಸ ಮಾಡಲು ಸರಕಾರದ ಪರ್ಮಿಟ್ ಏನಾದರೂ ಬೇಕೇ?"

ಬೇಡ. ಸೇವೆಗೆ ಹೋಗುವ ಮಗುವಿಗೆಂದು ಅಂತಹ ಪರ್ಮಿಟ್ ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಾದರೆ ಶಾಲಾ ವಯಸ್ಸಿನ ಮಕ್ಕಳು ಅಂಗಡಿಯಲ್ಲಿ ದುಡಿಯಲು ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲ್‌ನ ಪರವಾನಗಿ ಬೇಕು. ನಮ್ಮಲ್ಲಿ 2017ರ ನಿಯಮದಂತೆ ಜಿಲ್ಲಾಧಿಕಾರಿಯ ಅನುಮತಿ ಬೇಕಾಗುವುದು ಸಿನಿಮಾ, ಟಿ.ವಿ.ಗಳಲ್ಲಿ ನಟಿಸುವ ಮಕ್ಕಳಿಗೆ.

ಹಾಗಾದರೆ ಕಾನೂನಿನ ಅಂಕೆಯೇ ಇಲ್ಲವೇ? ಇದೆ. 1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿಯಾದ ಬಳಿಕ, 14 ತುಂಬದ ಮಗುವನ್ನು ಯಾವ ಉದ್ಯೋಗಕ್ಕೂ ನೇಮಿಸುವಂತಿಲ್ಲ. ಕೆಲಸ ಮಾಡಲು ಬಿಡುವಂತೆಯೂ ಇಲ್ಲ. ಈ 'ಬಿಡುವಂತಿಲ್ಲ' ಎಂಬ ಮಾತನ್ನು ಗಮನಿಸಿ. "ನಾವು ಸಂಬಳ ಕೊಟ್ಟಿಲ್ಲ, ಅವನೇ ಬಂದ" ಎಂದರೆ ತಪ್ಪಿಸಿಕೊಳ್ಳಲಾಗದು. ಶಾಲೆ ಬಿಟ್ಟ ಮೇಲೆ ಮನೆಯವರ ಅಪಾಯವಿಲ್ಲದ ಕಸುಬಿಗೆ ನೆರವಾಗಲು ವಿನಾಯಿತಿ ಇದೆ. ಆದರೆ ಅಧ್ಯಕ್ಷರು ನಿಮ್ಮ ಮಗನ ಚಿಕ್ಕಪ್ಪನೇ ಆಗಿದ್ದರೂ ಟ್ರಸ್ಟ್ ಎಂಬುದು ಮನೆಯ ಕಸುಬಲ್ಲ! 14ರಿಂದ 18ರವರನ್ನು ಗಣಿ, ಸ್ಫೋಟಕ ಮತ್ತು ಅಪಾಯಕಾರಿ ಪ್ರಕ್ರಿಯೆಗಳಿಂದ ದೂರವಿಡಬೇಕು. ತಪ್ಪಿದರೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ.

ಒಂದು ಮಧ್ಯಾಹ್ನ ಕಿಟ್ ಕಟ್ಟುವುದನ್ನು ಯಾರೂ ದುಡಿಮೆ ಎನ್ನುವುದಿಲ್ಲ. ಅದೇ ಹುಡುಗ ರಜೆಯುದ್ದಕ್ಕೂ ಸಂಸ್ಥೆಯ ಅಂಗಡಿಯ ಗಲ್ಲಾದಲ್ಲಿ ಕುಳಿತರೆ? ಅವನು ಬಾರದ ದಿನ ಸಂಸ್ಥೆ ಕೂಲಿಯಾಳನ್ನು ಕರೆಯಬೇಕಾಗುತ್ತದೆಯೇ ಎಂದು ಕೇಳಿ ನೋಡಿ. ಹೌದಾದರೆ, ನನ್ನ ಪ್ರಕಾರ ಅದು ದುಡಿಮೆಯೇ.

ಅಂಗಡಿ, ಹೋಟೆಲುಗಳಲ್ಲಿ ದುಡಿಯುವ 14ರಿಂದ 18ರ ಮಕ್ಕಳಿಗೆ ಕಾಯ್ದೆ ಸಮಯದ ಮಿತಿ ಹಾಕಿದೆ. ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ನಂತರ 1 ಗಂಟೆ ವಿಶ್ರಾಂತಿ, ವಿಶ್ರಾಂತಿ ಸೇರಿ ದಿನಕ್ಕೆ 6 ಗಂಟೆ, ವಾರಕ್ಕೊಂದು ರಜೆ. ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ. ಕೂಲಿ ಪಡೆಯುವವನಿಗೇ ಇಷ್ಟು ರಕ್ಷಣೆ ಇರುವಾಗ, ಪುಕ್ಕಟೆ ಬಂದವನನ್ನು ಇಫ್ತಾರ್ ಮುಗಿದ ಮೇಲೆ ಹನ್ನೊಂದು ಗಂಟೆಯವರೆಗೆ ದೇಗ್ ತೊಳೆಯಲು ನಿಲ್ಲಿಸುವುದು ಯಾವ ನ್ಯಾಯ?

ಚಂದಾ ಡಬ್ಬಿಯ ವಿಷಯದಲ್ಲಂತೂ ಎಚ್ಚರ ಬೇಕು. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಭಿಕ್ಷೆಗೆ ಬಳಸಿದವರಿಗೆ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ಯಾವುದೇ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ದಾನ ಕೇಳುವುದನ್ನೂ ಅದು ಭಿಕ್ಷೆಯೆಂದೇ ಕರೆಯುತ್ತದೆ. ಬಸ್ ನಿಲ್ದಾಣದಲ್ಲಿ ಮಗುವಿನ ಕೈಗೆ ಡಬ್ಬಿ ಕೊಡುವ ಕಮಿಟಿಯವರು ಇದನ್ನು ಓದಲಿ.

ಇನ್ನು ಬೈಕು. ಹಳ್ಳಿಗಳಿಗೆ ಕಿಟ್ ತಲುಪಿಸಲು ಲೈಸೆನ್ಸಿಲ್ಲದ ಹುಡುಗನಿಗೆ ಕೀಲಿ ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ನಮ್ಮ ರಸ್ತೆಗಳು ನಿಮಗೆ ಗೊತ್ತಿಲ್ಲದವೇನಲ್ಲ.

ಪರ್ಮಿಟ್ ಇಲ್ಲದಿದ್ದರೂ ಕಮಿಟಿಯಿಂದ ಒಂದು ಚೀಟಿ ಬರೆಸಿಕೊಳ್ಳಿ. ಕೆಲಸವೇನು, ಎಷ್ಟು ಹೊತ್ತು, ಜವಾಬ್ದಾರಿ ಯಾರದು, ಮನೆಗೆ ಬಿಡುವವರು ಯಾರು ಎಂಬುದು ಅದರಲ್ಲಿರಲಿ. ಮಗುವನ್ನು ಎಲ್ಲಾದರೂ ಬಲವಂತವಾಗಿ ದುಡಿಸಿಕೊಳ್ಳುವುದು ಕಂಡರೆ 1098ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ.