ಹೊಳೆಗೆ ಬಿಟ್ಟ ಟ್ರೌಟ್ ಮರಿ

ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಟೆಸ್ಟ್ ಮತ್ತು ಇಚೆನ್ ನದಿಗಳು ಸೀಮೆಸುಣ್ಣದ ಬಂಡೆಯೊಳಗೆ ಇಂಗಿದ ಮಳೆನೀರು ಒಸರಿ ಹುಟ್ಟುವ ಹೊಳೆಗಳಾದ್ದರಿಂದ, ಅವುಗಳ ನೀರು ತಳದ ನೊರಜುಕಲ್ಲು ಕಾಣುವಷ್ಟು ತಿಳಿಯಾಗಿಯೂ ವರ್ಷವಿಡೀ ತಂಪಾಗಿಯೂ ಇರುತ್ತದೆ. ಟ್ರೌಟ್ ಮೀನಿಗೆ ಬೇಕಾದದ್ದು ಇಂಥದೇ ನೀರು. ಆ ದೇಶದಲ್ಲಿ ನದಿಯ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ದಂಡೆಯ ಜಮೀನಿನೊಂದಿಗೆ ಬರುವುದರಿಂದ, ಗಾಳದ ಹವ್ಯಾಸಿಗಳು ಕ್ಲಬ್ಬು ಕಟ್ಟಿಕೊಂಡು ಹೊಳೆಯ ಒಂದಷ್ಟು ಉದ್ದವನ್ನು ಗುತ್ತಿಗೆ ಹಿಡಿಯುವ ಪದ್ಧತಿ ಬೆಳೆಯಿತು; ಟೆಸ್ಟ್ ದಂಡೆಯ ಸ್ಟಾಕ್‌ಬ್ರಿಜ್ ಊರಿನಲ್ಲಿ 1822ರಲ್ಲಿ ಸ್ಥಾಪನೆಯಾದ ಹೌಟನ್ ಕ್ಲಬ್ ಅವುಗಳಲ್ಲಿ ಬಹು ಹಳೆಯದು.

ಈ ಕ್ಲಬ್ಬುಗಳ ಆಟಕ್ಕೆ ಫ್ಲೈ ಫಿಷಿಂಗ್ ಎಂದು ಹೆಸರು. ಎರೆಹುಳುವಿನಂಥ ನಿಜವಾದ ಎರೆಯನ್ನು ಬಿಟ್ಟು, ಹಕ್ಕಿಯ ತುಪ್ಪುಳ, ಪ್ರಾಣಿಯ ಕೂದಲು, ರೇಷ್ಮೆ ನೂಲುಗಳನ್ನು ಗಾಳದ ಮುಳ್ಳಿಗೆ ಸುತ್ತಿ, ನೀರಿನ ಕೀಟದಂತೆ ತೋರುವ ಹುಸಿಕೀಟವನ್ನು ತಯಾರಿಸಿ, ಅದನ್ನು ತೂಕವುಳ್ಳ ದಾರದ ಬೀಸಿನಿಂದ ಮೀನಿನ ಮುಂದೆ ಸದ್ದಿಲ್ಲದೆ ಇಳಿಸುವುದರಲ್ಲಿ ಇದರ ಕುಶಲತೆಯಿದೆ. ಚಂದಾ ಕಟ್ಟಿದ ಸದಸ್ಯನಿಗೆ ಒಂದೆರಡು ಸಲ ಬರಿಗೈಯಲ್ಲಿ ಮರಳುವುದು ಆಟದ ಭಾಗವೆನಿಸಬಹುದು, ಇಡೀ ಋತುವೇ ಹಾಗೆ ಕಳೆದರೆ ಮಾತ್ರ ದೂರು ಬರುತ್ತದೆ. ಹೊಳೆಗೆ ಮೀನುಮರಿ ಬಿಡುವ ವಾಡಿಕೆಯ ಒಂದು ಬೇರು ಈ ದೂರಿನಲ್ಲಿದೆ ಎಂದರೆ ತಪ್ಪಾಗಲಾರದು.

ಹೊಳೆಯಲ್ಲಿ ಹೆಣ್ಣು ಟ್ರೌಟ್ ಚಳಿಗಾಲದ ಹೊತ್ತಿಗೆ ಬಾಲವನ್ನು ಬಡಿದು ನೊರಜುಕಲ್ಲಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮತ್ತೆ ಕಲ್ಲು ಮುಚ್ಚುತ್ತದೆ. ಕಲ್ಲುಗಳ ಸಂದಿನಲ್ಲಿ ಹರಿಯುವ ನೀರು ಮೊಟ್ಟೆಗೆ ಆಮ್ಲಜನಕವನ್ನು ಒದಗಿಸುತ್ತದೆ. ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ ಇದ್ದರೆ ನಲವತ್ತಕ್ಕೂ ಮಿಕ್ಕ ದಿನಗಳಲ್ಲಿ ಒಡೆಯುವ ಮೊಟ್ಟೆಯಿಂದ ಹೊರಬಂದ ಮರಿ, ಹೊಟ್ಟೆಗೆ ಅಂಟಿದ ಹಳದಿ ಭಂಡಾರದ ಚೀಲ ಕರಗುವವರೆಗೂ ಕಲ್ಲಿನಡಿಯಲ್ಲೇ ಅಡಗಿರುತ್ತದೆ. ಮರಿ ಉತ್ಪಾದನಾ ಕೇಂದ್ರದಲ್ಲಿ ಇದೇ ಕೆಲಸ ತಟ್ಟೆಗಳಲ್ಲಿ ನಡೆಯುತ್ತದೆ: ತಾಯಿಮೀನಿನ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆ ತೆಗೆದು, ಗಂಡುಮೀನಿನ ವೀರ್ಯ ಬೆರೆಸಿ, ತಂಪು ನೀರು ಹಾಯಿಸಿ ಮರಿ ಮಾಡಲಾಗುತ್ತದೆ. ಪಾಚಿ ಮತ್ತು ಮಂಜುಗಡ್ಡೆಯ ನಡುವೆ ಇಟ್ಟರೆ ಈ ಮೊಟ್ಟೆಗಳು ದೀರ್ಘ ಪ್ರಯಾಣವನ್ನೂ ತಾಳುತ್ತವೆ. 1864ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹೋದ ಮೊಟ್ಟೆಗಳು ಟಾಸ್ಮೇನಿಯಾದಲ್ಲಿ ಮರಿಯಾದವು.

ಮರಿ ಬಿಡುವ ದಿನದ ಕೆಲಸ ಕರ್ನಾಟಕದ ಕೆರೆಗಳಿಗೆ ಬಿತ್ತನೆ ಬಿಡುವುದನ್ನು ಕಂಡವರಿಗೆ ಹೊಸದಲ್ಲ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಮತ್ತು ಹೊರಗಿನ ತಾಪ ಸಮವಾದ ಮೇಲೆ ಬಾಯಿ ಬಿಚ್ಚಿ, ಹೊಳೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಒಳಬಿಟ್ಟು, ಮರಿಗಳು ತಾವಾಗಿ ಈಜಿ ಹೊರಬರಲು ಬಿಡಬೇಕು. ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಕಾಟ್ಲಾ, ರೋಹು, ಮೃಗಾಲ್‌ಗಳು ಕೆರೆಯ ನಿಂತ ನೀರಿನಲ್ಲಿ ಸಂತಾನಾಭಿವೃದ್ಧಿ ಮಾಡದಿರುವುದರಿಂದ ಅಲ್ಲಿ ಬಿತ್ತನೆ ಅನಿವಾರ್ಯವಾಗಿದ್ದರೆ, ಟ್ರೌಟ್ ತಾನೇ ಮರಿ ಮಾಡುವ ಹೊಳೆಯಲ್ಲಿ ಪ್ರತಿಯೊಂದು ಕಲ್ಲಿನ ಮರೆಗೂ ಈಗಾಗಲೇ ಒಬ್ಬ ಒಡೆಯನಿರುತ್ತಾನೆ. ಎಳೆಯ ಟ್ರೌಟ್ ತನ್ನ ಜಾಗವನ್ನು ಕಚ್ಚಾಡಿ ಕಾಯುವ ಮೀನು. ಹೊಸಬರಿಗೆ ಜಾಗ ಸಿಗದೆ ಹೋಗುವುದೂ, ಸಿಕ್ಕರೆ ಹಳಬರು ನೆಲೆ ಕಳೆದುಕೊಳ್ಳುವುದೂ ಇದರಿಂದಲೇ. ಸಾಕಿದ ಮರಿಗೆ ಇನ್ನೊಂದು ಕೊರತೆಯೂ ಉಂಟು: ಮೇಲಿನಿಂದ ಬೀಳುವ ಆಹಾರದ ಗುಳಿಗೆಗೆ ಒಗ್ಗಿದ ಅದು ನೀರಿನ ಮೇಲೆ ನೆರಳು ಬಿದ್ದರೆ ಅಡಗುವ ಬದಲು ಮೇಲೇಳುತ್ತದೆ, ಆ ನೆರಳು ಬಕಪಕ್ಷಿಯದಾಗಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತದೆ.

ಬಿಟ್ಟ ಮೀನು ಹೊಳೆಯ ಮೀನಿಗೇ ಕುತ್ತಾಗಬಹುದೆಂಬ ಸಂಶಯಕ್ಕೆ ಗಟ್ಟಿಯಾದ ಆಧಾರ ದೊರೆತದ್ದು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ. ಅಲ್ಲಿನ ಮೀನು ಜೀವಶಾಸ್ತ್ರಜ್ಞ ಡಿಕ್ ವಿನ್ಸೆಂಟ್ 1960ರ ದಶಕದ ಕೊನೆಯಿಂದ ನಡೆಸಿದ ಅಧ್ಯಯನದಲ್ಲಿ, ಗಾಳಕ್ಕೆ ಸಿಗುವ ಗಾತ್ರದ ಸಾಕಿದ ಮೀನುಗಳನ್ನು ಬಿಡುವುದನ್ನು ಮ್ಯಾಡಿಸನ್ ನದಿಯಲ್ಲಿ ನಿಲ್ಲಿಸಿದಾಗ ಹೊಳೆಯಲ್ಲೇ ಹುಟ್ಟಿದ ಟ್ರೌಟ್‌ಗಳ ಸಂಖ್ಯೆ ಹೆಚ್ಚಿತು. ಅದುವರೆಗೆ ಮೀನು ಬಿಡದಿದ್ದ ಪಕ್ಕದ ಓಡೆಲ್ ಹಳ್ಳದಲ್ಲಿ ಬಿಡತೊಡಗಿದಾಗ ಸಂಖ್ಯೆ ಕುಸಿಯಿತು. ಮೀನು ಕಡಿಮೆಯಾಗುತ್ತದೆಂದು ಕೂಗೆದ್ದರೂ, ಟ್ರೌಟ್ ತಾನೇ ಮರಿ ಮಾಡುವ ನದಿಗಳಿಗೆ ಸಾಕಿದ ಮೀನು ಬಿಡುವುದನ್ನು ಆ ರಾಜ್ಯ 1974ರಲ್ಲಿ ಕೈಬಿಟ್ಟಿತು.

ಇಂಗ್ಲೆಂಡು ಬೇರೊಂದು ದಾರಿ ಹಿಡಿಯಿತು. ತಲೆಮಾರುಗಳಿಂದ ಕೊಳದಲ್ಲಿ ಬೆಳೆದ ತಳಿಯು ಹೊಳೆಯ ತಳಿಯೊಂದಿಗೆ ಕೂಡಿದರೆ, ಆಯಾ ಹೊಳೆಗೆ ಹೊಂದಿಕೊಂಡ ವಂಶಗುಣಗಳು ದುರ್ಬಲವಾಗುತ್ತವೆಂಬ ಕಾರಣದಿಂದ, 2015ರಿಂದ ಅಲ್ಲಿನ ನದಿಗಳಿಗೆ ಬಿಡುವ ಕಂದು ಟ್ರೌಟ್ ಬಂಜೆಯಾಗಿರಬೇಕು ಇಲ್ಲವೇ ಅದೇ ನದಿಯ ಮೀನುಗಳ ಸಂತಾನವಾಗಿರಬೇಕೆಂಬ ನಿಯಮ ಬಂದಿದೆ. ಫಲಿತ ಮೊಟ್ಟೆಯನ್ನು ಕೂಡಲೇ ಹೆಚ್ಚಿನ ಒತ್ತಡಕ್ಕೆ ಒಳಪಡಿಸಿದರೆ ಜೀವಕೋಶದಲ್ಲಿ ವರ್ಣತಂತುಗಳ ಎರಡು ಕಟ್ಟುಗಳ ಬದಲು ಮೂರು ಉಳಿದು ಮೀನು ಬಂಜೆಯಾಗುತ್ತದೆ. ಇಂಥದನ್ನು ಟ್ರಿಪ್ಲಾಯ್ಡ್ ಎನ್ನುತ್ತಾರೆ. ತಳಿ ಕಲಬೆರಕೆಯ ಭಯವನ್ನು ಇದು ನೀಗಿದರೂ, ಜಾಗ ಮತ್ತು ಆಹಾರದ ಪೈಪೋಟಿಯನ್ನು ನೀಗಲಾರದು. ಹೊಲದ ಮಣ್ಣು ತೊಳೆದುಬಂದು ನೊರಜುಕಲ್ಲಿನ ಸಂದು ಮುಚ್ಚಿದ್ದರೆ, ಆ ಹೂಳು ತೆಗೆದು ದಂಡೆಯಲ್ಲಿ ನೆರಳು ಬೆಳೆಸಲು ಹಾಕಿದ ಹಣವೇ ಮರಿ ಕೊಳ್ಳಲು ಹಾಕಿದ ಹಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಗಾಳದ ಆಟಕ್ಕಾಗಿ ಮರಿ ಬಿಟ್ಟ ನದಿಗಳಲ್ಲಿ ಕಾವೇರಿಯೂ ಒಂದು. ಅಲ್ಲಿ ಬಿಟ್ಟದ್ದು ಟ್ರೌಟ್ ಅಲ್ಲ, ದಂಡೆಯ ಜನ ಬಿಳಿಮೀನು ಎನ್ನುವ ಮಹಶೀರ್, ಅದೂ ಹೊರಗಿನಿಂದ ತಂದ ನೀಲಿ ರೆಕ್ಕೆಯ ಜಾತಿ. ಅದು ಹೆಚ್ಚಿದಂತೆ ಕಾವೇರಿ ಕಣಿವೆಯದೇ ಆದ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿತೆಂದು 2015ರ ಅಧ್ಯಯನವೊಂದು ತೋರಿಸಿತು. 2018ರಿಂದ ಗೂನುಬೆನ್ನಿನ ಮಹಶೀರ್ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.