ಆಮೆ ಮೇವು ಬಿಟ್ಟಾಗ

ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಒಂದು ಬಗೆಯ ನೀರಾಮೆಯನ್ನು ದೊಡ್ಡ ನಗರಗಳ ಅಂಗಡಿಗಳಲ್ಲಿ ಮಾರುವುದನ್ನು ವಾಚಕರು ಕಂಡಿರಬಹುದು. ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು ಇದರ ತವರು. ತಂದಾಗ ಅಂಗೈಯಲ್ಲಿ ಅಡಗುವಷ್ಟಿದ್ದ ಹೆಣ್ಣುಮರಿಯು ಕೆಲವು ವರ್ಷಗಳಲ್ಲಿ ಗೇಣುದ್ದ ಬೆಳೆಯುತ್ತದೆ. ಬಳಿಕ ಒಂದು ದಿನ, ಲಿಂಗಸುಗೂರಿನ ಯಾವುದೋ ಮನೆಯ ಗಾಜಿನ ತೊಟ್ಟಿಯಲ್ಲಿ, ಅದು ಮೇವು ಮುಟ್ಟುವುದನ್ನೇ ಬಿಡುತ್ತದೆ. ಗೋಡೆಯನ್ನು ಕೆರೆಯುತ್ತ ಹೊರಬರಲು ಹವಣಿಸುತ್ತದೆ. ಮನೆಯವರು ರೋಗವೆಂದು ಬಗೆದು ಔಷಧ ಹುಡುಕುತ್ತಾರೆ. ಆಗ ಅದಕ್ಕೆ ಬೇಕಾಗಿರುವುದು ಬಹುಶಃ ಒಂದು ಬುಟ್ಟಿ ಮಣ್ಣು.

ಗಂಡೇ ಇಲ್ಲದ ತೊಟ್ಟಿಯಲ್ಲಿ ಮೊಟ್ಟೆ ಎಲ್ಲಿಂದ ಬಂತೆಂದು ಕೇಳುವವರುಂಟು. ಕೋಳಿಯಂತೆಯೇ ಆಮೆಯೂ ಗಂಡಿನ ಸಂಗವಿಲ್ಲದೆ ಮೊಟ್ಟೆಯಿಡಬಲ್ಲದು. ಅದು ಮರಿಯಾಗದು, ಅಷ್ಟೆ. ಬಲಿತ ಗಂಡಿನ ಮುಂಗಾಲಿನ ಉಗುರುಗಳು ನೀಳವಾಗಿಯೂ ಬಾಲವು ದಪ್ಪವಾಗಿಯೂ ಇರುತ್ತವೆ. ಹೆಣ್ಣು ಗಾತ್ರದಲ್ಲಿ ಹಿರಿದು. ಉಗುರು, ಬಾಲಗಳು ಗಿಡ್ಡ.

ಇಂಥ ಹೆಣ್ಣನ್ನು ನೆಲದ ಮೇಲೆ ಬಿಟ್ಟು ನೋಡಬೇಕು. ಅದು ಮೂತಿಯನ್ನು ಮಣ್ಣಿಗೊತ್ತಿ ಮೂಸುತ್ತದೆ. ಒಂದೆಡೆ ಕೆದರಿ, ಮನಸ್ಸಿಗೆ ಬಾರದೆ ಮತ್ತೊಂದೆಡೆಗೆ ಹೋಗುತ್ತದೆ. ಗಮನಿಸಬೇಕಾದದ್ದು ಹಿಂಗಾಲುಗಳನ್ನು. ಮೊಟ್ಟೆಯಿಡುವ ಆಮೆಯು ಹಿಂಗಾಲುಗಳನ್ನು ಸೌಟಿನಂತೆ ಬಳಸಿ, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಎಂದು ಸರದಿಯ ಮೇಲೆ ಮಣ್ಣನ್ನು ಮೊಗೆಯುತ್ತದೆ. ನೆಲ ಗಟ್ಟಿಯಾಗಿದ್ದರೆ ಮೂತ್ರದಿಂದ ನೆನೆಸಿ ಮೆದುಗೊಳಿಸುವುದೂ ಉಂಟು. ತಾನು ತೋಡುವ ಕುಳಿಯನ್ನು ಅದು ಒಮ್ಮೆಯೂ ತಿರುಗಿ ನೋಡುವುದಿಲ್ಲ. ಕಾಲಿನ ಸ್ಪರ್ಶವೊಂದರಿಂದಲೇ ಹೂಜಿಯಾಕಾರದ ಗೂಡು ಸಿದ್ಧವಾಗುತ್ತದೆ. ಮೊಟ್ಟೆಯಿಟ್ಟು, ಮಣ್ಣೆಳೆದು ಮುಚ್ಚಿ, ಮೈಯಿಂದ ಒತ್ತಿ ಸಮಮಾಡಿ ಹೊರಟುಬಿಡುತ್ತದೆ.

ನೀರಿನಲ್ಲಿ ಬಾಳುವ ಪ್ರಾಣಿಗೆ ನೆಲವೇ ಏಕೆ ಬೇಕು? ಭ್ರೂಣವು ಚಿಪ್ಪಿನ ಸೂಕ್ಷ್ಮರಂಧ್ರಗಳ ಮೂಲಕ ಉಸಿರಾಡುತ್ತದೆ. ಆಮ್ಲಜನಕವು ನೀರಿನಲ್ಲಿ ಹರಡುವ ವೇಗವು ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ನೀರಿಗೆ ಬಿದ್ದ ಮೊಟ್ಟೆಯೊಳಗಿನ ಜೀವವು ಉಸಿರುಗಟ್ಟಿ ಸಾಯುತ್ತದೆ. ಆದುದರಿಂದಲೇ ಹದವಾದ ಮಣ್ಣು ದೊರೆಯುವವರೆಗೆ ತಾಯಿಯು ಮೊಟ್ಟೆಗಳನ್ನು ಒಳಗೇ ತಡೆದಿಡುತ್ತದೆ. ಕಾಡಿನಲ್ಲಿ ಜಾಣತನವಾದ ಈ ಗುಣವು ಗಾಜಿನ ತೊಟ್ಟಿಯಲ್ಲಿ ಪ್ರಾಣಾಂತಿಕವಾಗಬಹುದು.

ಎರೆ ಮಣ್ಣು ಇದಕ್ಕೆ ಒಗ್ಗದು. ನೆನೆದರೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಮಸಾರಿ ಮಣ್ಣಿಗೆ ಹಳ್ಳದ ಮರಳನ್ನು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ನೀರು ಚಿಮುಕಿಸಿ, ಅಗಲವಾದ ತೊಟ್ಟಿಯಲ್ಲಿ ಒಂದಡಿ ಆಳಕ್ಕೆ ತುಂಬಬೇಕು. ಬೆಚ್ಚಗಿನ ಜಾಗದಲ್ಲಿಟ್ಟು, ಆಮೆಯನ್ನು ಬಿಟ್ಟು, ಮರೆಗೆ ಸರಿಯಬೇಕು. ಇಣುಕಿ ನೋಡುವವರಿದ್ದರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ. (ಮಕ್ಕಳಿರುವ ಮನೆಯಲ್ಲಿ ಇದೇ ಅತಿ ಕಠಿಣವಾದ ಭಾಗ.)

ತಿಣುಕಿದರೂ ಮೊಟ್ಟೆ ಬಾರದೆ, ಆಮೆಯು ಸಪ್ಪಗಾಗಿ ಕಾಲೆಳೆಯತೊಡಗಿದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಹೊಟ್ಟೆಯನ್ನು ಒತ್ತಿ ನೋಡಲೇಬಾರದು. ಮೊಟ್ಟೆ ಒಳಗೇ ಒಡೆದೀತು. ಚಿಪ್ಪಿನ ಸುಣ್ಣದ ಅಂಶವು ಕ್ಷ-ಕಿರಣಗಳನ್ನು ಹೀರುವುದರಿಂದ, ಮೊಟ್ಟೆಗಳು ಕ್ಷ-ಕಿರಣ ಚಿತ್ರದಲ್ಲಿ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಮೂಡುತ್ತವೆ.

ಭೌತಶಾಸ್ತ್ರವನ್ನು ಬೋಧಿಸುವ ನನಗೆ ಇಲ್ಲಿ ಹೆಚ್ಚು ಸೋಜಿಗವೆನಿಸುವುದು ಗೂಡಿನ ಶಾಖ. ಬೇಸಿಗೆಯ ಮಧ್ಯಾಹ್ನ ನಮ್ಮ ಸೀಮೆಯ ನೆಲದ ಮೇಲೆ ಬರಿಗಾಲಿಡಲಾಗದು; ಆದರೆ ಹಗಲಿರುಳಿನ ಏರಿಳಿತವು ಆಳಕ್ಕೆ ಹೋದಂತೆ ಬೇಗ ಕುಗ್ಗಿ, ಒಂದು ಗೇಣಿನ ಕೆಳಗೆ ಅತ್ಯಲ್ಪವಾಗಿ ಉಳಿಯುತ್ತದೆ. ಆ ಉಷ್ಣತೆಯೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆಂಬುದು ಇನ್ನೂ ದೊಡ್ಡ ವಿಸ್ಮಯ. ಕೆಂಪು ಪಟ್ಟೆಯ ಆಮೆಯ ಮೊಟ್ಟೆಗಳನ್ನು 26 ಡಿಗ್ರಿ ಸೆಂಟಿಗ್ರೇಡಿನಲ್ಲಿರಿಸಿದರೆ ಮರಿಗಳೆಲ್ಲ ಗಂಡು; 31ರಲ್ಲಿರಿಸಿದರೆ ಎಲ್ಲ ಹೆಣ್ಣು. ಹೆಣ್ಣೋ ಗಂಡೋ ಎಂಬ ಮಾತು ಕೇವಲ ಐದು ಡಿಗ್ರಿಗಳೊಳಗೆ ಮುಗಿದುಹೋಗುತ್ತದೆ!

ಹಾಗೆಂದು ಮರಿಮಾಡಿಸುವ ಉತ್ಸಾಹ ಬೇಡ. ಹೆಚ್ಚಾದ ಮರಿಗಳನ್ನು ನಾರಾಯಣಪುರ ಬಲದಂಡೆ ಕಾಲುವೆಗೆ ಬಿಟ್ಟರೆ, ಈ ಪರದೇಶಿಯು ಇಲ್ಲಿಯ ಆಮೆಗಳ ಮೇವಿಗೂ ಬಿಸಿಲು ಕಾಯುವ ತಾವಿಗೂ ಪಾಲುಗಾರನಾಗುತ್ತದೆ. ಹಿಂಗಾಲುಗಳನ್ನು ಚರ್ಮದ ಮುಚ್ಚಳದಲ್ಲಿ ಅಡಗಿಸುವ ನಮ್ಮ ಕೆರೆಯಾಮೆಯನ್ನಾಗಲಿ, ನಕ್ಷತ್ರ ಆಮೆಯನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. 2022ರ ತಿದ್ದುಪಡಿಯಿಂದ ನಕ್ಷತ್ರ ಆಮೆಯೂ ಮೊದಲನೆಯ ಅನುಸೂಚಿಗೆ ಸೇರಿದೆ. ಇವು ಹೊಲದ ಬದುವಿನಲ್ಲಿ ಹಿಂಗಾಲಿನಿಂದ ಮಣ್ಣು ಮೊಗೆಯುತ್ತಿರುವುದನ್ನು ಕಂಡರೆ ಹತ್ತು ಮಾರು ದೂರದಲ್ಲಿ ಸದ್ದಿಲ್ಲದೆ ನಿಂತು ನೋಡಬಹುದು. ಮೊಟ್ಟೆಗಳನ್ನು ಅಗೆದು ತೆಗೆಯಬಾರದು. ಭ್ರೂಣವು ಚಿಪ್ಪಿನ ಒಳಮೈಗೆ ಅಂಟಿಕೊಂಡ ಮೇಲೆ ಮೊಟ್ಟೆಯು ಮಗುಚಿದರೂ ಅದು ಸಾಯಬಹುದು. ಆ ಜಾಗದಲ್ಲಿ ರಂಟೆ ಹೊಡೆಯದಂತೆ ಹೊಲದವರಿಗೆ ತಿಳಿಸಿ ಬಂದರೆ ಸಾಕು.