ತೋಳಿನಿಂದ ತೋಳಿಗೆ

ರೋಗಾಣುವು ಕಣ್ಣಿಗೆ ಕಾಣುವುದಿಲ್ಲ. ಅದರ ಭಯ ಮಾತ್ರ ಮನೆಮನೆಯಲ್ಲಿಯೂ ಕಾಣುತ್ತದೆ. 2020ರಲ್ಲಿ ಕೊರೋನಾ ಮಹಾಮಾರಿಯು ಲೋಕವನ್ನೆಲ್ಲ ಆವರಿಸಿದಾಗ ದಕ್ಷಿಣ ಕನ್ನಡ ಜಿಲ್ಲೆಯೂ ಅದಕ್ಕೆ ಹೊರತಾಗಲಿಲ್ಲ. ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಜಿಲ್ಲೆಯಲ್ಲಿ ಈ ರೋಗಕ್ಕೆ ಮೊದಲು ಬಲಿಯಾದವರು ಬಂಟ್ವಾಳದವರು. ನೇತ್ರಾವತಿಯ ದಡದಲ್ಲಿರುವ ಆ ಹಳೆಯ ಪೇಟೆಯ ಬೀದಿಗಳು ನಿರ್ಜನವಾದವು.

2021ರ ಜನವರಿ 16ರಂದು ಭಾರತದಲ್ಲಿ ಲಸಿಕೆ ಹಾಕುವ ಕಾರ್ಯವು ಆರಂಭವಾಯಿತು. ಮೊದಲಿಗೆ ಆರೋಗ್ಯ ಕಾರ್ಯಕರ್ತರಿಗೆ, ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ, ಏಪ್ರಿಲ್ 1ರಿಂದ 45 ವರ್ಷ ತುಂಬಿದವರಿಗೆ, ಆ ಬಳಿಕ ಕಿರಿಯರಿಗೆ ಸರದಿ ಬಂದಿತು.

ಲಸಿಕೆಯ ಕೆಲಸವೇನು? ಅಡಕೆ ಬೆಳೆಯುವ ಈ ಸೀಮೆಯ ಕೃಷಿಕರು ಮಳೆ ಬಲಿಯುವ ಮೊದಲೇ ಗೊನೆಗಳಿಗೆ ಕೊಳೆರೋಗದ ಮದ್ದು ಬಿಡುತ್ತಾರೆ. ರೋಗ ತಗುಲಿದ ಮೇಲೆ ಮದ್ದು ಬಿಟ್ಟರೆ ಉದುರಿದ ಕಾಯಿ ಮರಳಿ ಗೊನೆ ಸೇರುವುದಿಲ್ಲ. ಲಸಿಕೆಯೂ ಹೀಗೆಯೇ ಮುಂಚಿತವಾಗಿ ಮಾಡುವ ರಕ್ಷಣೆ. ಆದರೆ ಒಂದು ವ್ಯತ್ಯಾಸವುಂಟು. ಅಡಕೆಗೆ ಬಿಟ್ಟ ಮದ್ದು ಹೊರಗಿನ ಹೊದಿಕೆಯಾಗಿ ಕಾಯುತ್ತದೆ. ಲಸಿಕೆಯು ದೇಹಕ್ಕೆ ಶತ್ರುವಿನ ಗುರುತನ್ನು ಮೊದಲೇ ಪರಿಚಯಿಸಿ, ದೇಹವೇ ತನ್ನನ್ನು ಕಾಯ್ದುಕೊಳ್ಳುವಂತೆ ಮಾಡುತ್ತದೆ. ಆ ಪಾಠವನ್ನು ಕಲಿಯುವಾಗ ಕೆಲವರಿಗೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದುಂಟು. ಎರಡನೆಯ ಚುಚ್ಚುಮದ್ದು ಆ ಪಾಠದ ಪುನರಾವರ್ತನೆ.

ಇಷ್ಟನ್ನು ತಿಳಿಯುವುದು ಸುಲಭ. ತೋಳನ್ನು ಮುಂದೆ ಚಾಚುವುದು ಅಷ್ಟು ಸುಲಭವಲ್ಲ. ಬಂಟ್ವಾಳದ ಹಳ್ಳಿಗಳಲ್ಲಿ ಅನೇಕ ಸ್ತ್ರೀಯರು ಬೀಡಿ ಕಟ್ಟಿ ಸಂಸಾರವನ್ನು ಸಾಗಿಸುತ್ತಾರೆ. ಅವರ ಕೂಲಿಯು ಕಟ್ಟಿದ ಬೀಡಿಯ ಲೆಕ್ಕಕ್ಕೆ ಸಲ್ಲುವಂಥದು. ಅವರಿಗೆ ಎರಡು ದಿನದ ಜ್ವರವೆಂದರೆ ಎರಡು ದಿನದ ಅನ್ನದ ಪ್ರಶ್ನೆ. ಹಾಗಿರುವಾಗ ‘ಆರೋಗ್ಯವಾಗಿರುವವರು ಜ್ವರವನ್ನು ಏಕೆ ತಂದುಕೊಳ್ಳಬೇಕು?’ ಎಂಬ ಸಂಶಯವನ್ನು ಅಜ್ಞಾನವೆಂದು ಹಳಿಯಲಾಗದು.

ದಾರಿಯೂ ಸುಗಮವಾಗಿರಲಿಲ್ಲ. ತುಳುನಾಡಿನಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಒಂದೊಂದೂ ತನ್ನ ತೋಟದ ನಡುವೆ ಒಂಟಿಯಾಗಿರುತ್ತದೆ. ಬೆಳ್ತಂಗಡಿ ತಾಲೂಕಿನಲ್ಲಂತೂ ಘಟ್ಟದ ಬುಡದ ಕಾಡಿನವರೆಗೂ ಮನೆಗಳು ಹರಡಿವೆ. ಹೆಸರು ನೋಂದಾಯಿಸಲು ಮೊಬೈಲ್ ಬೇಕಾಗಿದ್ದಿತು. ಸಂಪರ್ಕ ದೊರೆಯದ ಮೂಲೆಗಳು ಅಲ್ಲಿ ಕಡಿಮೆಯಿಲ್ಲ. 2021ರ ಮೇ ತಿಂಗಳಿನಲ್ಲಿ ಲಾಕ್‌ಡೌನ್ ಇದ್ದಿತು. ಲಸಿಕೆಯ ಕೊರತೆಯಿಂದಾಗಿ ರಾಜ್ಯದಲ್ಲಿ 18ರಿಂದ 44 ವರ್ಷದವರಿಗೆ ಲಸಿಕೆ ನೀಡುವುದನ್ನು ಕೆಲವು ದಿನ ನಿಲ್ಲಿಸಬೇಕಾಯಿತು. ಆಸೆಪಟ್ಟು ಬಂದವರು ಬರಿಗೈಯಲ್ಲಿ ಮರಳುವುದೂ ಉಂಟಾಯಿತು.

ಲಸಿಕೆ ಹಾಕುವವರ ಕಷ್ಟವೂ ಸಣ್ಣದಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಒಯ್ಯಬೇಕು. ಕೋವಿಶೀಲ್ಡ್ ಲಸಿಕೆಯ ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಮದ್ದು. ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಅದು ಮುಗಿಯಬೇಕು. ಎಂಟು ಜನ ಬಂದು ಇಬ್ಬರು ತಪ್ಪಿಸಿಕೊಂಡರೆ ಎರಡು ಪಾಲು ವ್ಯರ್ಥ. ಆದುದರಿಂದ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜನರನ್ನು ಕರೆಯಬೇಕಾಯಿತು. ಚುಚ್ಚುಮದ್ದಿನ ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂಬ ನಿಯಮವಿದ್ದಿತು. ಅಪರೂಪಕ್ಕೆ ಯಾರಿಗಾದರೂ ತೊಂದರೆಯಾದರೆ ಕೂಡಲೇ ಚಿಕಿತ್ಸೆ ನೀಡುವುದಕ್ಕಾಗಿ ಆ ಏರ್ಪಾಡು.

ಸಂಶಯವನ್ನು ಕಳೆದುದು ಭಾಷಣಗಳಿಗಿಂತ ಹೆಚ್ಚಾಗಿ ನೆರೆಮನೆಯವರ ಅನುಭವ. ‘ಒಂದು ರಾತ್ರಿ ಜ್ವರವಿತ್ತು, ಮರುದಿನ ಗಂಜಿ ಉಂಡು ಎದ್ದೆ’ ಎಂದು ಪಕ್ಕದ ಮನೆಯವರು ಹೇಳಿದ ಮಾತಿಗೆ ಬೆಲೆ ಹೆಚ್ಚು.

ಇದು ಹೊಸ ಸಂಗತಿಯಲ್ಲ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದನು. 1802ರಲ್ಲಿ ಮುಂಬಯಿಯ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಭಾರತದ ಮೊದಲ ಲಸಿಕೆ ಹಾಕಲಾಯಿತು. ಆಗ ತಂಪುಪೆಟ್ಟಿಗೆಗಳಿರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತಿದ್ದರು. ಹೀಗೆ ತೋಳಿನಿಂದ ತೋಳಿಗೆ ಲಸಿಕೆ ಊರೂರು ದಾಟಿತು. ಮೈಸೂರು ಅರಮನೆಯ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡುದು ಜನರ ಮೇಲೆ ಒಳ್ಳೆಯ ಪರಿಣಾಮ ಬೀರಿತೆಂದು 1806ರ ದಾಖಲೆಯೊಂದು ತಿಳಿಸುತ್ತದೆ. ಮುಂದೆ ಕನ್ನಡ ನಾಡಿನ ಹಳ್ಳಿಗಳಲ್ಲಿ ‘ದಾಕು ಹಾಕುವುದು’ ರೂಢಿಯ ಮಾತಾಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಭೂಮಿಯಿಂದ ಅಳಿಯಿತೆಂದು ಸಾರಿತು. ದಾಕಿನ ಕಲೆಯನ್ನು ತೋಳಿನಲ್ಲಿ ಉಳಿಸಿಕೊಂಡ ಹಿರಿಯರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ.

2022ರ ಜನವರಿ 3ರಿಂದ 15 ವರ್ಷ ತುಂಬಿದ ವಿದ್ಯಾರ್ಥಿಗಳಿಗೂ ಲಸಿಕೆ ದೊರೆಯತೊಡಗಿತು. ಬಸದಿಗಳ ನಗರವಾದ ಮೂಡುಬಿದಿರೆಯು ವಿದ್ಯಾಕೇಂದ್ರವೂ ಹೌದು. ಅಂಥ ಊರಿನಲ್ಲಿ ಮುಚ್ಚಿದ ಶಾಲೆಯೆಂದರೆ ಏನೆಂಬುದನ್ನು ಮಕ್ಕಳು ಅರಿತಿದ್ದರು. ಅದೇ ತಿಂಗಳಿನಲ್ಲಿ ಸೋಂಕು ಮತ್ತೊಮ್ಮೆ ಹರಡಿತು. ಲಸಿಕೆ ಪಡೆದವರಲ್ಲಿಯೂ ಹಲವರಿಗೆ ಅದು ತಗುಲಿತು. ಆದರೆ ಅವರಲ್ಲಿ ರೋಗ ಉಲ್ಬಣಿಸಿ ಪ್ರಾಣಕ್ಕೆ ಎರವಾಗುವ ಅಪಾಯ ಬಹಳ ಕಡಿಮೆಯಾಗಿದ್ದಿತು. ಲಸಿಕೆಯು ರೋಗ ಬಾರದಂತೆ ಕಟ್ಟಿದ ಕೋಟೆಯಲ್ಲ, ಬಂದ ರೋಗವನ್ನು ಎದುರಿಸುವ ಬಲ ಎಂಬುದು ಆಗ ಸ್ಪಷ್ಟವಾಯಿತು.

ಲಸಿಕೆಯನ್ನು ಕಂಡುಹಿಡಿಯುವುದು ವಿಜ್ಞಾನಿಗಳ ಸಾಧನೆ. ಅದನ್ನು ಸಫಲಗೊಳಿಸುವುದು ಸಾಮಾನ್ಯ ಜನರ ಧೈರ್ಯ. ಹಿಂದೆ ತೋಳಿನಿಂದ ತೋಳಿಗೆ ಸಾಗಿದುದು ಮದ್ದು. ಈ ಸಲ ಮನೆಯಿಂದ ಮನೆಗೆ ಸಾಗಿದುದು ವಿಶ್ವಾಸ.